ಮನೆಯಲ್ಲಿ ತುಂಬಿದ ಮದ್ದು

ಕನ್ನಡದಲ್ಲಿ ಮದ್ದೆಂಬ ಶಬ್ದಕ್ಕೆ ಎರಡು ಅರ್ಥಗಳಿರುವುದು ಸರ್ವರಿಗೂ ತಿಳಿದ ಸಂಗತಿಯೇ ಆಗಿದೆ. ರೋಗಿಯ ನಾಲಗೆಯ ಮೇಲೆ ತೇದು ಹಾಕುವುದೂ ಮದ್ದು, ಬಂದೂಕಿನ ನಳಿಗೆಯಲ್ಲಿ ಸುರಿಯುವುದೂ ಮದ್ದು. ತಮಿಳಿನ ‘ಮರುಂದು’, ತೆಲುಗಿನ ‘ಮಂದು’ ಎಂಬ ಶಬ್ದಗಳೂ ಇವೇ ಎರಡು ಹೊರೆಗಳನ್ನು ಹೊತ್ತಿವೆ. ಬೆಳಗಾವಿಯ ಪೇಟೆಯಲ್ಲಿ ಕನ್ನಡದ ಜೊತೆಯಲ್ಲಿಯೇ ಕಿವಿಗೆ ಬೀಳುವ ಮರಾಠಿಯಲ್ಲಿ ಬಂದೂಕಿನ ಮದ್ದಿಗೆ ‘ದಾರೂ’ ಎನ್ನುವರು. ಆ ಶಬ್ದವು ಪಾರಸಿಯಿಂದ ಬಂದುದು, ಅಲ್ಲಿ ಅದರ ಅರ್ಥವು ಔಷಧವೆಂದೇ. (ಅದೇ ಶಬ್ದವನ್ನು ಮದ್ಯಕ್ಕೂ ಕೊಟ್ಟುದರ ವಿಚಾರವು ಬೇರೊಂದು ಲೇಖನಕ್ಕೆ ಸಾಕಾದೀತು.) ಇಷ್ಟು ಭಾಷೆಗಳು ಒಂದೇ ದಾರಿಯನ್ನು ಹಿಡಿದುದಕ್ಕೆ ಕಾರಣವು ಊಹೆಗೆ ನಿಲುಕದ್ದಲ್ಲ. ಔಷಧದಂತೆಯೇ ಈ ಪುಡಿಯನ್ನೂ ಕುಟ್ಟಿ, ಜರಡಿ ಹಿಡಿದು, ತೂಕ ನೋಡಿ ಬೆರೆಸಬೇಕಾಗಿತ್ತು. ಗಂಧಕವಂತೂ ವೈದ್ಯನ ಪೆಟ್ಟಿಗೆಯಲ್ಲಿಯೂ ಇತ್ತು, ಬೇಟೆಗಾರನ ಚೀಲದಲ್ಲಿಯೂ ಇತ್ತು.

ಅಮೇರಿಕ ಮೊದಲಾದ ದೇಶಗಳಲ್ಲಿ ರೈಫಲಿನಿಂದ ಹಾರಿಸಿದ ಖಾಲಿ ತೋಟೆಗಳನ್ನು ಆರಿಸಿ ತಂದು, ಮನೆಯ ಮೇಜಿನ ಮೇಲೆ ಅವನ್ನು ಮರಳಿ ತುಂಬಿಕೊಳ್ಳುವ ಹವ್ಯಾಸವು ಇಂದು ಬಹು ಜನರಲ್ಲಿ ಇದೆ. ಅದಕ್ಕೆ ಬೇಕಾದ ಉಪಕರಣಗಳು ಅಂಗಡಿಗಳಲ್ಲಿ ದೊರೆಯುವುವು; ಕಲಿಯತೊಡಗುವವರಿಗಾಗಿ ಕೈಪಿಡಿಗಳು ಅಚ್ಚಾಗುವುವು. ನಮ್ಮ ನಾಡಿನ ಗೃಹಸ್ಥನಿಗೆ ಇದನ್ನು ಹೇಳಿದರೆ ಅವನು ಬೆರಗಾಗುವನು. ಆದರೆ ನೂರೈವತ್ತು ಇನ್ನೂರು ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿಯೂ ಬಂದೂಕುಳ್ಳವನು ತನ್ನ ಈಡನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತಿದ್ದನೆಂಬುದನ್ನು ಮರೆಯಲಾಗದು. ಆ ಕೆಲಸವು ಮನೆಯನ್ನು ಬಿಟ್ಟು ಹೇಗೆ ಹೊರಟುಹೋಯಿತು, ಕಾಯಿದೆಯೊಂದೇ ಅದನ್ನು ಹೊರಗಟ್ಟಿತೋ ಎಂಬುದು ವಿಚಾರಾರ್ಹವಾಗಿದೆ.

ಈ ಮಾತು ಬಂದೊಡನೆ ಸಂಸ್ಕೃತಜ್ಞರಿಗೆ ಶುಕ್ರನೀತಿಯ ಸ್ಮರಣೆಯಾಗುವುದು ಸಹಜವೇ. ಆ ಗ್ರಂಥದಲ್ಲಿ ಲಘುನಾಲಿಕ, ಬೃಹನ್ನಾಲಿಕಗಳೆಂಬ ಎರಡು ಬಗೆಯ ನಳಿಗೆಗಳೂ, ಅವುಗಳಿಗೆ ತುಂಬುವ ಅಗ್ನಿಚೂರ್ಣವೂ ಹೇಳಲ್ಪಟ್ಟಿವೆ. ಸುವರ್ಚಿಲವಣ, ಗಂಧಕ ಹಾಗೂ ಎಕ್ಕ ಕಳ್ಳಿಗಳ ಇದ್ದಿಲು ಅದರ ಅಂಗಗಳು. 1880ರಲ್ಲಿ ಮದರಾಸಿನ ಸಂಸ್ಕೃತ ಪ್ರಾಧ್ಯಾಪಕರಾದ ಗುಸ್ತಾವ್ ಓಪರ್ಟರು ಇದನ್ನು ಆಧಾರವಾಗಿಟ್ಟುಕೊಂಡು, ಪ್ರಾಚೀನ ಭಾರತೀಯರು ಬಂದೂಕನ್ನು ಬಲ್ಲವರಾಗಿದ್ದರೆಂದು ವಾದಿಸಿದರು. ಆ ವಾದವು ಹಲವರಿಗೆ ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಗ್ರಂಥದ ಭಾಷೆಯನ್ನೂ, ಅದರಲ್ಲಿ ಕಾಣುವ ಆಡಳಿತದ ಕ್ರಮವನ್ನೂ ಸಾವಧಾನವಾಗಿ ಪರೀಕ್ಷಿಸಿದವರಿಗೆ ಅದು ಅಷ್ಟು ಹಳೆಯದಾಗಿ ತೋರಲಿಲ್ಲ. 1962ರಲ್ಲಿ ಲಲ್ಲನ್‌ಜೀ ಗೋಪಾಲರು ಅದು ಹತ್ತೊಂಬತ್ತನೆಯ ಶತಮಾನದ ಕೃತಿಯೆಂದೇ ಸಾಧಿಸಿದರು. ಇಲ್ಲದ ಪ್ರಾಚೀನತೆಯನ್ನು ಹೊರಿಸಿದ ಮಾತ್ರದಿಂದ ಪೂರ್ವಿಕರ ಗೌರವವು ಹೆಚ್ಚುವುದಿಲ್ಲ. ಅವರು ನಿಜವಾಗಿ ಮಾಡಿದುದೇ ಸಾಕಷ್ಟಿದೆ. ಒರಿಸ್ಸಾದ ಗಜಪತಿ ಪ್ರತಾಪರುದ್ರದೇವನ ಹೆಸರಿನಲ್ಲಿರುವ ‘ಕೌತುಕಚಿಂತಾಮಣಿ’ಯಲ್ಲಿ ಬಾಣಬಿರುಸುಗಳನ್ನು ಮಾಡುವ ಯೋಗಗಳಿವೆ, ಆ ಅರಸನು ಕೃಷ್ಣದೇವರಾಯನ ಸಮಕಾಲೀನನು. ಪುಣೆಯ ಪರಶುರಾಮ ಕೃಷ್ಣ ಗೋಡೆಯವರು ಇಂಥ ಯೋಗಗಳನ್ನು ಹುಡುಕಿ ತೆಗೆದು ಬರೆದ ಪ್ರಬಂಧವು 1953ರಲ್ಲಿ ಬೆಂಗಳೂರಿನ ಬಸವನಗುಡಿಯಿಂದ ಪ್ರಕಟವಾಯಿತು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಮಹಾನವಮಿಯ ಉತ್ಸವದಲ್ಲಿ ಬಾಣಬಿರುಸುಗಳನ್ನು ಕಂಡು ಬರೆದಿಟ್ಟಿರುವನು. 1520ರ ರಾಯಚೂರಿನ ಮುತ್ತಿಗೆಯಲ್ಲಿ ಪೋರ್ತುಗೀಜ ಬಂದೂಕುಗಾರರು ರಾಯನ ಪಕ್ಷದಲ್ಲಿ ಕೋಟೆಯ ಮೇಲಿನವರನ್ನು ಗುರಿಯಿಟ್ಟು ಕೆಡವಿದುದು ನೂನಿಜನ ಬರವಣಿಗೆಯಿಂದ ತಿಳಿದುಬರುವುದು.

ಇನ್ನು ಮನೆಯ ಕೆಲಸದ ವಿಚಾರ. ಮದ್ದಿನ ಮೂರು ಅಂಗಗಳಲ್ಲಿ ಗಂಧಕವೊಂದೇ ಪರಸ್ಥಳದ ವಸ್ತು. ಅದನ್ನು ಅಂಗಡಿಯಿಂದ ಕೊಳ್ಳಬೇಕಾಗಿತ್ತು. ಇದ್ದಿಲಿಗೆ ಕಾಡಿನ ನೆರೆಯವರಿಗೆ ಎಂದೂ ಕೊರತೆಯಿರಲಿಲ್ಲ. ಪೆಟ್ಲುಪ್ಪು ಮಾತ್ರ ನೆಲದಿಂದ ಬರುವುದು. ದನಗಳು ಬಹು ಕಾಲ ನಿಂತ ಹಟ್ಟಿ, ಹಾಳುಬಿದ್ದ ಊರು, ಹಳೆಯ ಮಣ್ಣಿನ ಗೋಡೆಯ ಬುಡ, ಇಂಥ ಸ್ಥಳಗಳಲ್ಲಿ ಮಳೆಗಾಲವು ಕಳೆದು ಬಿಸಿಲು ಬಿದ್ದ ಮೇಲೆ ಬಿಳಿಯ ಹೂವಿನಂತೆ ಉಪ್ಪು ಮೇಲೇಳುವುದು. ಆ ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಕುದಿಸಿ ಹರಳು ಕಟ್ಟಿಸುತ್ತಿದ್ದರು. ಇದರಿಂದ ಒಂದು ಭೂಗೋಳದ ಸಂಗತಿಯೂ ಸೂಚಿತವಾಗುವುದು. ಖಾನಾಪುರ, ಜಾಂಬೋಟಿ, ಕಣಕುಂಬಿಗಳಂಥ ಕಡು ಮಳೆಯ ನಾಡಿನಲ್ಲಿ ನೆಲದ ಉಪ್ಪು ಕೊಚ್ಚಿಹೋಗದೆ ನಿಲ್ಲದು. ಅದಕ್ಕೆ ಮೂಡಣದ ಬಯಲುಸೀಮೆಯೇ ತಕ್ಕ ಸ್ಥಳ. ಅಲ್ಲಿ ಉಪ್ಪು, ಇಲ್ಲಿ ಇದ್ದಿಲು. ಎರಡೂ ಕೂಡಿದಲ್ಲದೆ ಮದ್ದಾಗದು.

ಗುಂಡಿನ ಕೆಲಸವು ಇನ್ನೂ ಸ್ವಂತದ್ದು. ಊರ ಕಮ್ಮಾರನು ಬಡಿದು ಮಾಡಿದ ಎರಡು ನಳಿಗೆಗಳ ಬಾಯಿ ಒಂದೇ ಅಳತೆಯದಾಗಿರುತ್ತಿರಲಿಲ್ಲ. ಒಬ್ಬನ ಬಂದೂಕಿಗೆ ಸರಿಹೋದ ಗುಂಡು ಇನ್ನೊಬ್ಬನದಕ್ಕೆ ಸಡಿಲಾಗುವುದು, ಮತ್ತೊಬ್ಬನದರಲ್ಲಿ ಇಳಿಯಲೊಲ್ಲದು. ಆದುದರಿಂದ ಬಂದೂಕಿನೊಡನೆ ಅದರ ಗುಂಡಿನ ಅಚ್ಚೂ ಬೇಕಾಗುತ್ತಿತ್ತು. ಸೀಸವನ್ನು ಒಲೆಯ ಮೇಲೆ ಕರಗಿಸಿ ಆ ಅಚ್ಚಿನಲ್ಲಿ ಎರೆದುಕೊಳ್ಳುವರು. ಅಂಗಡಿಯ ಗುಂಡೆಂಬುದು ಅರ್ಥವಿಲ್ಲದ ಮಾತಾಗಿದ್ದ ಕಾಲವದು. ಕೊಂಬಿನಿಂದ ಮದ್ದನ್ನು ಅಳೆದು ಸುರಿದು, ಗುಂಡನ್ನಾಗಲಿ ಚರೆಯನ್ನಾಗಲಿ ಇಳಿಬಿಟ್ಟು, ಮೇಲೆ ನಾರನ್ನು ತುರುಕಿ ಗಜದಿಂದ ಜಡಿಯುವುದಕ್ಕೆ ‘ಬಾರು ಮಾಡುವುದು’ ಎಂದು ಹೆಸರು. ಅಳತೆಯಲ್ಲಿ ಕೈ ತಪ್ಪಿದರೆ ನಳಿಗೆ ಸೀಳುವುದು. ಮದ್ದು ತಂಗಾಳಿಗೆ ಸಿಕ್ಕಿ ಹಸಿಯಾದರೆ ಹಂದಿಯು ಎದುರಿಗೆ ಬಂದಾಗ ಬರಿಯ ಹೊಗೆ ಬರುವುದು. ಈ ಎರಡರ ನಡುವಿನ ಹದವನ್ನು ತಂದೆಯಿಂದ ಮಗನು ಕಲಿಯುತ್ತಿದ್ದನಲ್ಲದೆ ಪುಸ್ತಕದಿಂದ ಕಲಿಯುತ್ತಿರಲಿಲ್ಲ. ಇದು ಸೊಗಸಾದ ಕಾಲವೆಂದು ಭಾವಿಸಬೇಕಾಗಿಲ್ಲ. ಮದ್ದು ಕುಟ್ಟುವಲ್ಲಿ ಒಂದು ಕಿಡಿ ಸಿಡಿದರೆ ಬೆರಳುಗಳೂ ಕಣ್ಣುಗಳೂ ಹೋಗುವುದು ಅಂದಿಗೂ ಇಂದಿಗೂ ಒಂದೇ.

ಬೆಳಗಾವಿಯ ಉದ್ಯಮಬಾಗವನ್ನು ಹಾಯ್ದು ತೆಂಕಣಕ್ಕೆ ಹೋಗುವ ರಸ್ತೆಯು ಖಾನಾಪುರವನ್ನು ಸೇರುವುದಷ್ಟೆ. ಅಲ್ಲಿಂದ ಮುಂದೆ ನಂದಗಡ, ಅದರಾಚೆಗೆ ಬೀಡಿ, ಅದಕ್ಕೂ ಮೂಡಣಕ್ಕೆ ಕಿತ್ತೂರು. ಈ ಸೀಮೆಯಲ್ಲಿ ಶೇತಸನದಿಗಳೆಂಬವರಿದ್ದರು. ಇವರಿಗೆ ಸಂಬಳವಿರಲಿಲ್ಲ, ಇನಾಮು ಭೂಮಿಯನ್ನುಂಡು, ಕರೆ ಬಂದಾಗ ಆಯುಧ ಹಿಡಿದು ಹೋಗಬೇಕಾದುದು ಇವರ ಕರ್ತವ್ಯವು. ಭೂಮಿಯನ್ನು ಉಳುವ ಕೈಯೇ ಬಂದೂಕನ್ನೂ ಬಾರು ಮಾಡುತ್ತಿತ್ತು. 1824ನೆಯ ಇಸವಿ ಅಕ್ಟೋಬರ 23ರಂದು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಕಿತ್ತೂರ ಕೋಟೆಯ ಮುಂದೆ ಗುಂಡಿಗೆ ಬಲಿಯಾದನು. ಆ ಗುಂಡು ಅಮಟೂರ ಬಾಳಪ್ಪನದೆಂದು ನಾಡು ಇಂದಿಗೂ ಹೇಳುವುದು. ಸಂಗೊಳ್ಳಿಯ ರಾಯಣ್ಣನು ಶೇತಸನದಿಗಳಲ್ಲೊಬ್ಬನು. ಕಿತ್ತೂರು ಬಿದ್ದ ಮೇಲೆ ಭೂಮಿಯ ಮೇಲಿನ ಹಕ್ಕುಗಳನ್ನು ಸರಕಾರವು ಕೆದಕತೊಡಗಲು ಅವನು ಎದ್ದನು. ಬೀಡಿಯ ಕಚೇರಿಯು ಸುಟ್ಟಿತು. 1831ನೆಯ ಜನೆವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಒಂದು ಹಳ್ಳಿಯ ಜನರು ಸರಕಾರದ ಉಗ್ರಾಣವನ್ನು ಕೇಳದೆ ತಿಂಗಳುಗಟ್ಟಲೆ ಹೋರಾಡಬಲ್ಲರೆಂಬುದು ಆಳುವವರಿಗೆ ಇಂಥ ಪ್ರಸಂಗಗಳಿಂದ ಮನದಟ್ಟಾಯಿತು.

ಮನೆಯಲ್ಲಿ ಮಾಡಲಾಗದ ಮೊದಲ ವಸ್ತುವು ಬಹು ಚಿಕ್ಕದು. ಸ್ಕಾಟ್ಲಂಡಿನ ಅಲೆಕ್ಸಾಂಡರ ಫೋರ್ಸೈಥನೆಂಬ ಪಾದ್ರಿಯು, ಚಕಮಕಿಯ ಕಿಡಿಯನ್ನು ಕಂಡು ಹಕ್ಕಿಗಳು ಹಾರಿಹೋಗುವುವೆಂದು ಬೇಸತ್ತು, ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನು ಬಂದೂಕಿಗೆ ಅಳವಡಿಸಿ 1807ರಲ್ಲಿ ಹಕ್ಕುಪತ್ರವನ್ನು ಪಡೆದನು. ಅದರಿಂದ ಮುಂದೆ ಹುಟ್ಟಿದುದು ತಾಮ್ರದ ಪುಟ್ಟ ಟೊಪ್ಪಿಗೆ. ಮಲೆನಾಡಿನವರು ಅದನ್ನು ‘ಕೇಪು’ ಎಂದರು, ಅದರ ಬಂದೂಕು ‘ಕೇಪಿನ ಕೋವಿ’ಯಾಯಿತು. ಮದ್ದು ಮನೆಯದು, ಗುಂಡು ಮನೆಯದು, ಕೇಪು ಮಾತ್ರ ಪೇಟೆಯದು. ಅಂಗಡಿಯವನು ಕೇಪು ಕೊಡದಿದ್ದರೆ ಬಂದೂಕು ಬರಿಯ ಕೊಳವೆ. ಪರಾಧೀನತೆಯು ಇಷ್ಟು ಸಣ್ಣ ಬಾಗಿಲಿನಿಂದ ಒಳಗೆ ಬಂದಿತು.

ಅದರ ಬೆನ್ನಿಗೇ ಬಂದುದು ಕಾಗದದ ತೋಟೆ. ಒಂದು ಈಡಿಗೆ ಬೇಕಾದ ಮದ್ದನ್ನೂ ಗುಂಡನ್ನೂ ಕಾಗದದ ಸುರುಳಿಯಲ್ಲಿ ಕಟ್ಟಿ ಸಿಪಾಯಿಗೆ ಕೊಡುವ ಪದ್ಧತಿಯು ಹಳೆಯದೇ ಆಗಿದ್ದರೂ, 1853ರ ಎನ್‌ಫೀಲ್ಡ್ ರೈಫಲಿಗಾಗಿ ಮಾಡಿದ ತೋಟೆಯು ಹಿಂದುಸ್ಥಾನದ ಇತಿಹಾಸವನ್ನೇ ಕದಡಿತು. ಅದಕ್ಕೆ ಸವರಿದ ಕೊಬ್ಬಿನ ಕಥೆಯು ಮಕ್ಕಳಿಗೂ ಗೊತ್ತು. ಆದರೆ ಒಂದು ಸಂಗತಿಯನ್ನು ಬಹು ಜನರು ಗಮನಿಸುವುದಿಲ್ಲ. ಸಂಶಯವು ಹಬ್ಬಿದ ಕೂಡಲೆ, 1857ರ ಜನೆವರಿಯಲ್ಲಿಯೇ ಸರಕಾರವು ತೋಟೆಗಳನ್ನು ಜಿಡ್ಡಿಲ್ಲದೆ ಕೊಡಬೇಕೆಂದೂ, ಸಿಪಾಯಿಗಳು ತಮಗೆ ಸಮ್ಮತವಾದ ಜಿಡ್ಡನ್ನು ತಾವೇ ಹಚ್ಚಿಕೊಳ್ಳಬಹುದೆಂದೂ ಆಜ್ಞೆ ಮಾಡಿತು. ಅಂದರೆ, ಕಾರಖಾನೆಗೆ ಒಯ್ದ ಕೆಲಸದ ಒಂದು ಭಾಗವನ್ನು ಮರಳಿ ಕೈಗೆ ಕೊಟ್ಟಿತು. ಫಲವಾಗಲಿಲ್ಲ. ಕೊಬ್ಬಿನ ಮೇಲಿದ್ದ ಸಂಶಯವು ಕಾಗದದ ಮೇಲೆ ಹರಿಯಿತು. ತಾನು ಕಾಣದ ಸ್ಥಳದಲ್ಲಿ, ತಾನರಿಯದ ಕೈಯಿಂದ ಸಿದ್ಧವಾದ ವಸ್ತುವನ್ನು ಹಲ್ಲಿಗೆ ತಾಗಿಸುವುದೆಂತು ಎಂಬುದೇ ಅಲ್ಲಿನ ಮೂಲ ಪ್ರಶ್ನೆಯಾಗಿತ್ತೆಂದು ತೋರುವುದು. ಆ ವರ್ಷದ ಜುಲೈ 31ರಂದು ಬೆಳಗಾವಿಗೆ ಸಮೀಪದ ಕೊಲ್ಹಾಪುರದಲ್ಲಿ 27ನೆಯ ಪಲಟಣವು ದಂಗೆಯೆದ್ದಿತು.

ಈ ಕೋಲಾಹಲದ ನಡುವೆ ಹುಟ್ಟಿದುದು 1857ರ 28ನೆಯ ಕಾಯಿದೆ. ಅದರ ಪೂರ್ಣ ಶಿರೋನಾಮವನ್ನೋದಿದರೆ ಸರಕಾರದ ಮನಸ್ಸು ತಿಳಿಯುವುದು: ಆಯುಧ ಮತ್ತು ಮದ್ದುಗುಂಡುಗಳ ಆಮದು, ತಯಾರಿಕೆ, ಮಾರಾಟ, ಆ ಬಳಿಕವೇ ಅವನ್ನು ಇಟ್ಟುಕೊಳ್ಳುವ ಹಕ್ಕು. ಬಂದೂಕನ್ನು ಕಿತ್ತುಕೊಂಡರೆ ಸಾಲದು, ಮದ್ದು ಮಾಡುವ ಕೈಯನ್ನೂ ತಡೆಯಬೇಕೆಂಬುದು ಆಗಲೇ ಸ್ಪಷ್ಟವಾಗಿತ್ತು.

ಈ ನಿರಾಯುಧೀಕರಣದ ಆಜ್ಞೆಯು ಮುಧೋಳ ಸಂಸ್ಥಾನದ ಹಲಗಲಿಯೆಂಬ ಹಳ್ಳಿಗೆ ಬಂದು ಮುಟ್ಟಿತು. ಅಲ್ಲಿನ ಬೇಡರಿಗೆ ಬೇಟೆಯೇ ಕುಲವೃತ್ತಿಯು. ಆಯುಧವನ್ನು ಒಪ್ಪಿಸುವುದೆಂದರೆ ಅನ್ನವನ್ನೂ ಮಾನವನ್ನೂ ಒಪ್ಪಿಸಿದಂತೆಯೇ. ಅವರು ಒಲ್ಲೆವೆಂದರು. ನವೆಂಬರದ ಕೊನೆಗೆ ಕರ್ನಲ್ ಮಾಲ್ಕಮನ ಪಡೆಯು ಹಳ್ಳಿಯನ್ನು ಸುತ್ತಿಕೊಂಡು ಬೆಂಕಿಯಿಟ್ಟಿತು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ಲಾವಣಿಯಲ್ಲಿ ಉಳಿದಿವೆ. ಡಿಸೆಂಬರದಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಕೂಡಿ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು. ಆ ಲಾವಣಿಯನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದವರು, ಶಾಸನಗಳ ವಿದ್ವಾಂಸರಾಗಿ ಪ್ರಖ್ಯಾತರಾದ ಜಾನ್ ಫ್ಲೀಟರು, ಅವರು ಅದೇ ಸರಕಾರದ ಅಧಿಕಾರಿಗಳು. ಮರು ವರ್ಷ ಮೇ 29ರಂದು ಸುರೇಬಾನದಲ್ಲಿ ಮ್ಯಾನ್ಸನನು ಹತನಾಗಿ, ನರಗುಂದದ ಭಾಸ್ಕರರಾಯನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದುದು ಪ್ರಸಿದ್ಧವೇ ಇದೆ.

ಇದೇ ಕಾಯಿದೆಯು ಕೊಡಗಿನಲ್ಲಿ ಬೇರೆ ಮುಖವನ್ನು ತೋರಿಸಿತು. 1861ನೆಯ ಫೆಬ್ರುವರಿ 26ರಂದು ಮಾರ್ಕ್ ಕಬ್ಬನನು ಹೊರಡಿಸಿದ ಘೋಷಣೆಯಂತೆ, ದಂಗೆಯ ಕಾಲದ ನಿಷ್ಠೆಗೆ ಪ್ರತಿಯಾಗಿ ಕೊಡವರಿಗೆ ನಿರಾಯುಧೀಕರಣದಿಂದ ವಿನಾಯಿತಿ ದೊರೆಯಿತು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ನಾಡದು. ಕೈಲ್ ಪೊಳ್ದಿನ ಹಬ್ಬದಲ್ಲಿ ಕೋವಿಗೆ ‘ತೋಕ್ ಪೂ’ವನ್ನು ಮುಡಿಸಿ ಪೂಜಿಸುವರು. ಆ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಹಲಗಲಿಗೆ ಗಲ್ಲು, ಕೊಡಗಿಗೆ ವಿನಾಯಿತಿ. ಎರಡು ಕಡೆಗಳಲ್ಲಿಯೂ ಬಂದೂಕು ಕುಲಾಚಾರದ ವಸ್ತುವೇ ಆಗಿತ್ತು. ವ್ಯತ್ಯಾಸವಿದ್ದುದು ಸರಕಾರದ ಎಣಿಕೆಯಲ್ಲಿ.

ಇಷ್ಟಾಗಿಯೂ, ಕಾಯಿದೆಗಿಂತ ಹೆಚ್ಚಾಗಿ ಮನೆಯ ಮದ್ದನ್ನು ಮುಗಿಸಿದುದು ಹಿತ್ತಾಳೆ. 1866ರಲ್ಲಿ ಕರ್ನಲ್ ಬಾಕ್ಸರನ ತೋಟೆಯು ಬ್ರಿಟಿಷರ ಸ್ನೈಡರ್ ರೈಫಲಿಗೆ ಬಂದಿತು. ಮದ್ದು, ಗುಂಡು, ಕೇಪು ಮೂರೂ ಒಂದೇ ಕೋಶದಲ್ಲಿ ಕೂಡಿದುವು. ಆದರೆ ಒಂದು ಲಾಭವಿತ್ತು: ಹಾರಿಸಿದ ಮೇಲೆ ಹಿತ್ತಾಳೆಯ ಕೋಶವು ಕೈಯಲ್ಲಿ ಉಳಿಯುವುದು. ಅದನ್ನು ಎಸೆಯುವುದೇಕೆ? ಕಾಡಿನ ಬಿಡಾರದಲ್ಲಿದ್ದ ಬೇಟೆಗಾರರು ಕೋಶದ ಸತ್ತ ಕೇಪನ್ನು ತೆಗೆದು, ಹೊಸತನ್ನು ಕೂಡಿಸಿ, ಕರಿಮದ್ದನ್ನು ತುಂಬಿ, ಸೀಸದ ಗುಂಡನ್ನು ಬಾಯಿಗೆ ಒತ್ತಿಕೊಳ್ಳತೊಡಗಿದರು. ಮರುತುಂಬುವ ವಿದ್ಯೆಯು ಹುಟ್ಟಿದುದು ಹೀಗೆ. 1884ರಲ್ಲಿ ಅಮೇರಿಕದ ಜಾನ್ ಬಾರ್ಲೋ ಎಂಬವನು ಇದಕ್ಕಾಗಿಯೇ ಇಕ್ಕುಳದಂಥ ಉಪಕರಣಗಳನ್ನು ಮಾಡುವ ‘ಐಡಿಯಲ್’ ಕಂಪನಿಯನ್ನು ತೆರೆದನು. ಅದು 1925ರಲ್ಲಿ ಲೈಮನ್ನರ ಕೈಸೇರಿತು. ಇಲ್ಲಿ ವಿಧಿಯ ಒಂದು ವಿನೋದವೂ ಉಂಟು. ಆಂಗ್ಲನಾದ ಬಾಕ್ಸರನ ಕೇಪಿನ ಹಿಂದೆ ನಡುವಿನಲ್ಲಿ ಒಂದೇ ರಂಧ್ರವಿರುವುದರಿಂದ ಅದನ್ನು ಸುಲಭವಾಗಿ ನೂಕಿ ತೆಗೆಯಬಹುದು; ಅಮೇರಿಕದ ಬರ್ಡನನ ಕ್ರಮದಲ್ಲಿ ರಂಧ್ರಗಳು ಪಕ್ಕಕ್ಕಿರುವುದರಿಂದ ತೆಗೆಯುವುದು ಕಷ್ಟ. ಬಾಕ್ಸರನದು ಅಮೇರಿಕದಲ್ಲಿ ನೆಲಸಿತು, ಬರ್ಡನನದು ಯುರೋಪಿನಲ್ಲಿ. ಅಮೇರಿಕದ ಗೃಹಸ್ಥನಿಗೆ ಮರುತುಂಬುವ ಹವ್ಯಾಸವು ಅಂಟಿದುದಕ್ಕೆ ಇದೂ ಒಂದು ಕಾರಣವು.

ಬಳಿಕ ಹೊಗೆಯಿಲ್ಲದ ಮದ್ದು ಬಂದಿತು. 1884ರಲ್ಲಿ ಫ್ರಾನ್ಸಿನ ವ್ಯೇಲನು ಅದನ್ನು ಮೊದಲು ಸಾಧಿಸಿದನು. ಬ್ರಿಟಿಷರು 1889ರಲ್ಲಿ ‘ಕಾರ್ಡೈಟ್’ ಎಂಬ ದಾರದಂಥ ಮದ್ದನ್ನು ಮಾಡಿದರು. ಇದು ಹಟ್ಟಿಯ ಮಣ್ಣಿನಿಂದಾಗಲಿ ಕಾಡಿನ ಇದ್ದಿಲಿನಿಂದಾಗಲಿ ಆಗುವ ವಸ್ತುವಲ್ಲ. ಆಮ್ಲಗಳ ಕಾರಖಾನೆಯೇ ಬೇಕು. ಹಿಂದುಸ್ಥಾನಕ್ಕಾಗಿ ಅಂಥ ಕಾರಖಾನೆಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿಗೆ ನೆರೆಯಾದ ನೀಲಗಿರಿಯ ಅರುವಂಕಾಡಿನಲ್ಲಿ ಸ್ಥಾಪಿತವಾಯಿತು. ತೋಟೆಗಳ ಕಾರಖಾನೆಯು ಪುಣೆಯ ಹತ್ತಿರದ ಖಡಕಿಯಲ್ಲಿ 1869ರಿಂದಲೇ ಇತ್ತು. .303 ತೋಟೆಯಲ್ಲಿ ಕಾರ್ಡೈಟಿನ ಎಳೆಗಳನ್ನು ಮೊದಲು ಒಳಗಿಟ್ಟು, ಅನಂತರ ಕೋಶದ ಕುತ್ತಿಗೆಯನ್ನು ಒತ್ತಿ ಕಿರಿದುಮಾಡುತ್ತಿದ್ದರು. ಖಾಲಿಯಾದ ಮೇಲೆ ಆ ಕಿರಿದಾದ ಕುತ್ತಿಗೆಯಲ್ಲಿ ಅದೇ ಎಳೆಗಳು ಹಿಂದಿನಂತೆ ತೂರಲಾರವು. ಅದರ ಕೇಪೂ ಬರ್ಡನನ ಕ್ರಮದ್ದೇ. ಸೈನ್ಯದಲ್ಲಂತೂ ಹಾರಿಸಿದ ಕೋಶಗಳನ್ನು ಒಂದೊಂದಾಗಿ ಎಣಿಸಿ ಮರಳಿ ಒಪ್ಪಿಸಬೇಕು.

1878ರಲ್ಲಿ ಲಿಟನ್ನನ ಕಾಲದ ಶಸ್ತ್ರ ಕಾಯಿದೆಯು ಬಂದಾಗ, ಮುಚ್ಚುತ್ತಲಿದ್ದ ಬಾಗಿಲಿಗೆ ಬೀಗವು ಬಿದ್ದಿತು. ಅದು ದೇಶಕ್ಕೆ ಅವಮಾನವೆಂಬ ಭಾವನೆಯು ಆರದೆ ಉಳಿಯಿತು. 1924ರಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ಕೂಡಿದ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿದ್ದ ಗಾಂಧೀಜಿಯವರೇ, ಅಹಿಂಸೆಯ ಪ್ರತಿಪಾದಕರಾಗಿದ್ದೂ, 1930ರ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಗಿಗಳನ್ನು ಕೊಡಬೇಕೆಂಬುದನ್ನೂ ಸೇರಿಸಿದ್ದರು. ಸ್ವಾತಂತ್ರ್ಯವು ಬಂದ ಬಳಿಕ 1959ರಲ್ಲಿ ಹೊಸ ಕಾಯಿದೆಯಾಯಿತು. 1962ರ ಅಕ್ಟೋಬರದಿಂದ ಜಾರಿಗೆ ಬಂದಿತು. ಅದರ 5ನೆಯ ಕಲಮಿನಂತೆ ಪರವಾನಗಿಯಿಲ್ಲದೆ ಮದ್ದುಗುಂಡನ್ನು ತಯಾರಿಸಲಾಗದು. 2019ರ ತಿದ್ದುಪಡಿಯ ತರುವಾಯ ಆ ಅಪರಾಧಕ್ಕೆ ಕನಿಷ್ಠ ಏಳು ವರ್ಷ, ಪರಮಾವಧಿ ಆಜೀವ ಕಾರಾವಾಸ. ಕಳ್ಳ ಬಂದೂಕುಗಳೂ ಸಿಡಿಮದ್ದಿನ ಉಂಡೆಗಳೂ ಮಾಡಿದ ಅನರ್ಥವನ್ನು ಕಂಡವರು ಈ ಕಠೋರತೆಯನ್ನು ನಿಷ್ಕಾರಣವೆನ್ನಲಾರರು. ಕಾಡುಹಂದಿಗೆಂದು ಇಟ್ಟ ಉಂಡೆಯನ್ನು ಕಚ್ಚಿ ಬಾಯಿ ಸಿಡಿದ ಹಸುವಿಗೆ ಹಲಗಲಿಯ ಇತಿಹಾಸವು ತಿಳಿಯದು.

ಆದುದರಿಂದ ಅಮೇರಿಕದ ಮೇಜಿನ ಮೇಲಿನ ಹವ್ಯಾಸವು ಇಲ್ಲಿ ಬೇರೂರದಿರಲು ಕೌಶಲದ ಅಭಾವವು ಕಾರಣವಲ್ಲ. ಹಾರಿಸಿದಾಗ ಉಬ್ಬಿದ ಕೋಶವನ್ನು ಮೊದಲಿನ ಅಳತೆಗೆ ಒತ್ತಿ ತರುವ ಉಕ್ಕಿನ ಅಚ್ಚುಗಳಲ್ಲಿ ಅಂಗುಲದ ಸಾವಿರದ ಒಂದಂಶವನ್ನೂ ನೋಡಬೇಕಾಗುವುದು. ಆ ಲೆಕ್ಕವು ಬೆಳಗಾವಿಗೆ ಹೊಸದಲ್ಲ. ಉದ್ಯಮಬಾಗದ ಎರಕದ ಮನೆಗಳಲ್ಲಿಯೂ ಲೇಥುಗಳ ಮುಂದೆಯೂ ಅದು ದಿನದ ಮಾತು. ಅಲ್ಲಿನ ಕೈಗಳು ಯಂತ್ರಗಳ ಬಿಡಿಭಾಗಗಳನ್ನು ಕೊರೆಯುತ್ತಿವೆ. ಅಜ್ಜನ ಕಾಲದ ಗುಂಡಿನ ಅಚ್ಚು ಎಲ್ಲಿಯಾದರೂ ಉಳಿದಿದ್ದರೆ ಅದು ಅಟ್ಟದ ಮೇಲೆ.

ಹಳೆಯ ಪದ್ಧತಿಯ ಒಂದು ಎಳೆ ಮಾತ್ರ ಇನ್ನೂ ಕಡಿದಿಲ್ಲ. ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದ, ಬಾಯಿಂದ ತುಂಬುವ ಒಂಟಿ ನಳಿಗೆಯ ಬಂದೂಕುಗಳು ಘಟ್ಟದ ಸೆರಗಿನ ತಾಲೂಕುಗಳ ರೈತರಲ್ಲಿ ಇಂದಿಗೂ ಉಂಟು. ಮದ್ದನ್ನು ಪರವಾನಗಿಯುಳ್ಳ ಅಂಗಡಿಯಿಂದಲೇ ತರಬೇಕು, ಲೆಕ್ಕವಿಡಬೇಕು. ಆದರೆ ಅಳೆದು ಸುರಿದು ಗಜದಿಂದ ಜಡಿಯುವ ಕೆಲಸವು ರೈತನದೇ. 1972ರ ವನ್ಯಜೀವಿ ಕಾಯಿದೆಯ ತರುವಾಯ ಆ ಈಡು ಬಹುಮಟ್ಟಿಗೆ ಸದ್ದಿಗಾಗಿಯೇ. ಚುನಾವಣೆಯು ಘೋಷಿತವಾದೊಡನೆ ಬಂದೂಕುಗಳನ್ನು ಪೋಲೀಸ ಠಾಣೆಗೆ ಒಪ್ಪಿಸಬೇಕೆಂದು ಸಾಮಾನ್ಯವಾಗಿ ಆಜ್ಞೆಯಾಗುವುದು. ಮತಗಳ ಎಣಿಕೆ ಮುಗಿದ ಮೇಲೆ ಅವು ಮರಳಿ ಬರುವುವು. ಆ ನಡುವಿನ ದಿನಗಳಲ್ಲಿ ಹಂದಿಗಳು ಗದ್ದೆಗೆ ಇಳಿದರೆ ಡಬ್ಬಿ ಬಡಿಯುವರು, ಇಲ್ಲವೆ ಪಟಾಕಿ ಹಚ್ಚುವರು. ಪಟಾಕಿಯು ಶಿವಕಾಶಿಯಿಂದ ಬರುವುದು.